ತತ್ತ್ವಶಾಸ್ತ್ರ ಓದಿದವರಿಗೆ ಕಾಲೇಜಿನ ಹೊರಗೆ ಕೆಲಸವೂ ಬೇಕು, ಜೊತೆಯೂ ಬೇಕು

ಮಾನ್ಯ ಸಂಪಾದಕರೇ,

ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್‌ಗಳಿಗೆ ಸಂಬಂಧಿಸಿ ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮನುಷ್ಯರ ಮೇಲೆ ಔಷಧವೊಂದನ್ನು ಪ್ರಯೋಗಿಸುವ ಮುನ್ನ ನೈತಿಕ ಸಮಿತಿಯ ಅನುಮೋದನೆ ಪಡೆಯಲೇಬೇಕು. ಆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅವರಲ್ಲಿ ಅರ್ಧದಷ್ಟಾದರೂ ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರು, ಕಾನೂನು ತಜ್ಞರು, ಜನಸಾಮಾನ್ಯರಲ್ಲಿ ಒಬ್ಬರು ಎಂದು ಹೇಳುತ್ತಾ ಹೋಗುವ ಅದೇ ನಿಯಮವು ಸಮಾಜವಿಜ್ಞಾನಿ, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ, ತತ್ತ್ವಶಾಸ್ತ್ರಜ್ಞ, ನೀತಿಶಾಸ್ತ್ರಜ್ಞ ಅಥವಾ ಧರ್ಮಶಾಸ್ತ್ರಜ್ಞ, ಇವರಲ್ಲಿ ಒಬ್ಬರಿರಬೇಕು ಎಂದೂ ಸ್ಪಷ್ಟವಾಗಿ ಹೇಳಿದೆ. ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿಯ ಲೆಕ್ಕ ಹಾಕುವಾಗಲೂ ಆ ಸ್ಥಾನದವರ ಹಾಜರಿ ಕಡ್ಡಾಯ. ಹೀಗೆ ಕಾನೂನೇ ತತ್ತ್ವಶಾಸ್ತ್ರ ಓದಿದವರಿಗೆ ಒಂದು ಕುರ್ಚಿಯನ್ನು ಹಾಕಿಟ್ಟಿದೆ. ಆದರೆ ನಮ್ಮ ವಿಶ್ವವಿದ್ಯಾಲಯಗಳ ತತ್ತ್ವಶಾಸ್ತ್ರ ವಿಭಾಗಗಳಿಂದ ಹೊರಬರುವ ಎಷ್ಟು ವಿದ್ಯಾರ್ಥಿಗಳಿಗೆ ಈ ಸಂಗತಿ ತಿಳಿದಿದೆ, ಆ ಕುರ್ಚಿ ತುಂಬಲು ಜನ ಹುಡುಕುವ ಎಷ್ಟು ಆಸ್ಪತ್ರೆಗಳಿಗೆ ಇಂಥವರು ಊರಿನಲ್ಲಿದ್ದಾರೆಂದು ಗೊತ್ತಿದೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡುವುದು ಈ ಪತ್ರದ ಉದ್ದೇಶ.

ನಾನು ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಜೀವನೋಪಾಯಕ್ಕೆ ಪಠ್ಯಪುಸ್ತಕಗಳ ಸಂಪಾದನೆಯ ಕೆಲಸ ಮಾಡುತ್ತೇನೆ. ಪರಿಚಯದ ವೈದ್ಯರೊಬ್ಬರ ಸಲಹೆಯಿಂದ ಆಸ್ಪತ್ರೆಯೊಂದರ ನೈತಿಕ ಸಮಿತಿಯ ಸದಸ್ಯನಾದೆ. ಅಲ್ಲಿನ ಕೆಲಸ ಎಂಥದ್ದೆಂದು ಒಂದು ಉದಾಹರಣೆಯಿಂದ ಹೇಳುವುದು ಒಳ್ಳೆಯದು, ಏಕೆಂದರೆ ತತ್ತ್ವಶಾಸ್ತ್ರದವರಿಗೆ ಆಸ್ಪತ್ರೆಯಲ್ಲಿ ಏನು ಕೆಲಸ ಎಂದು ಕೇಳುವವರೇ ಹೆಚ್ಚು. ಸಭೆಗೆ ಒಂದು ವಾರ ಮೊದಲು ದಪ್ಪನೆಯ ಕಡತ ಕೈಸೇರುತ್ತದೆ. ಪ್ರಯೋಗದ ವಿವರ, ಔಷಧದ ಹಿಂದಿನ ಫಲಿತಾಂಶ, ವಿಮೆಯ ಕಾಗದ, ಕೊನೆಯಲ್ಲಿ ರೋಗಿ ಸಹಿ ಮಾಡಬೇಕಾದ ಒಪ್ಪಿಗೆ ಪತ್ರದ ಕನ್ನಡ ಪ್ರತಿ ಅದರಲ್ಲಿರುತ್ತವೆ. ಒಮ್ಮೆ ಅಂಥ ಒಪ್ಪಿಗೆ ಪತ್ರವೊಂದರಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೂ 'ನಿಮಗೆ ನೀಡುವ ಹೊಸ ಚಿಕಿತ್ಸೆ' ಎಂದೇ ಬರೆದಿತ್ತು. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಗುತ್ತದೆ, ಒಂದು ಗುಂಪಿಗೆ ಹೊಸ ಔಷಧ ಸಿಗುವುದೇ ಇಲ್ಲ, ಯಾರಿಗೆ ಯಾವುದು ಸಿಕ್ಕಿತೆಂದು ಚಿಕಿತ್ಸೆ ಕೊಡುವ ವೈದ್ಯರಿಗೂ ಗೊತ್ತಿರುವುದಿಲ್ಲ ಎಂಬ ಮಾತು ಐದನೆಯ ಪುಟದ ಒಂದು ಪ್ಯಾರಾದಲ್ಲಿ ಅಡಗಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಅದನ್ನು ಓದಿ ಸಹಿ ಹಾಕಿದ ವ್ಯಕ್ತಿ ಡಾಕ್ಟರು ತನಗೆ ಯಾವುದು ಒಳ್ಳೆಯದೋ ಅದನ್ನೇ ಆರಿಸಿ ಕೊಡುತ್ತಿದ್ದಾರೆ ಎಂದೇ ನಂಬಿಕೊಂಡು ಮನೆಗೆ ಹೋಗುತ್ತಾನೆ. ಹಾಗಾದರೆ ಅವನು ಒಪ್ಪಿದ್ದು ಯಾವುದಕ್ಕೆ? ಕಾಗದದಲ್ಲಿದ್ದುದಕ್ಕೋ, ತಾನು ಅಂದುಕೊಂಡದ್ದಕ್ಕೋ? ತಪ್ಪು ತಿಳಿವಳಿಕೆಯ ಮೇಲೆ ನಿಂತ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ? ಸಭೆಯಲ್ಲಿ ಈ ಪ್ರಶ್ನೆಯ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ವಕೀಲರು ದಾಖಲೆ ಸರಿಯಾಗಿದೆ ಎಂದರು, ವೈದ್ಯರು ಇದು ರೂಢಿಯ ನಮೂನೆ ಎಂದರು. ಕೊನೆಗೆ, ಇದು ಸಂಶೋಧನೆ, ನಿಮಗೆ ಹೊಸ ಔಷಧ ಸಿಗದೆಯೂ ಇರಬಹುದು, ಸೇರದಿದ್ದರೂ ನಿಮ್ಮ ಮಾಮೂಲಿ ಚಿಕಿತ್ಸೆಗೆ ಕುಂದಿಲ್ಲ ಎಂಬ ಮೂರು ಮಾತುಗಳು ಮೊದಲ ಪುಟಕ್ಕೆ ಬಂದವು. ಅದಕ್ಕೆ ಬೇಕಾಗಿದ್ದುದು ವೈದ್ಯಕೀಯ ಜ್ಞಾನವಲ್ಲ. ಒಪ್ಪಿಗೆ, ಸ್ವಾತಂತ್ರ್ಯ, ತಿಳಿವಳಿಕೆ ಎಂಬ ಪರಿಕಲ್ಪನೆಗಳನ್ನು ಬಿಡಿಸಿ ನೋಡುವ ಅಭ್ಯಾಸ. ಅದು ಎರಡು ವರ್ಷ ತರಗತಿಯಲ್ಲಿ ಕೂತು ಕಲಿತ ವಿದ್ಯೆ.

ಆ ತರಗತಿಯಿಂದ ಹೊರಬಂದವರಿಗೆ ಹಿರಿಯರು ತೋರಿಸುವ ದಾರಿ ಒಂದೇ. ಉಪನ್ಯಾಸಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಪಾಸು ಮಾಡು, ಪಿಎಚ್.ಡಿ.ಗೆ ನೋಂದಾಯಿಸು, ಅತಿಥಿ ಉಪನ್ಯಾಸಕನಾಗಿ ಸೇರಿಕೊಂಡು ಕಾಯಂ ಹುದ್ದೆಗೆ ಕಾಯುತ್ತಿರು. ಪದವಿ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರದ ಹುದ್ದೆಗಳು ಎಷ್ಟು ವಿರಳವೆಂಬುದು ಕಾದವರಿಗೆಲ್ಲ ತಿಳಿದ ವಿಷಯ. ಪಿಯುಸಿಯಲ್ಲಿ ತರ್ಕಶಾಸ್ತ್ರವೆಂಬ ವಿಷಯವಿದ್ದರೂ ಅದನ್ನು ಕಲಿಸುವ ಕಾಲೇಜುಗಳು ಕಡಿಮೆ. ಇನ್ನುಳಿದದ್ದು ಯುಪಿಎಸ್‌ಸಿ ತರಬೇತಿ ಕೇಂದ್ರಗಳು. ಅಲ್ಲಿ ತತ್ತ್ವಶಾಸ್ತ್ರ 500 ಅಂಕಗಳ ಐಚ್ಛಿಕ ವಿಷಯ, 2013ರಿಂದ ನೀತಿಶಾಸ್ತ್ರಕ್ಕೆಂದೇ 250 ಅಂಕಗಳ ಪ್ರತ್ಯೇಕ ಪತ್ರಿಕೆಯೂ ಇದೆ. ಅದರಿಂದ ಕೆಲವರ ಬದುಕು ನಡೆಯುತ್ತಿರುವುದು ಒಳ್ಳೆಯದೇ. ಈ ಎರಡೂ ದಾರಿ ಹಿಡಿಯದವರು, ಅಂದರೆ ಬಹುಪಾಲು ಮಂದಿ, ಬ್ಯಾಂಕಿಗೋ ಕಂಪನಿಗೋ ಶಾಲೆಗೋ ಪತ್ರಿಕೆಗೋ ಸೇರಿಕೊಳ್ಳುತ್ತಾರೆ. ಅಲ್ಲಿಗೆ ಅವರು ತತ್ತ್ವಶಾಸ್ತ್ರವನ್ನು 'ಬಿಟ್ಟವರು' ಎಂದು ಲೆಕ್ಕ. ವಿಭಾಗದವರು ಹಾಗೆ ತಿಳಿಯುತ್ತಾರೆ. ಹೆಚ್ಚು ನೋವಿನ ಸಂಗತಿಯೆಂದರೆ, ಸ್ವಲ್ಪ ಕಾಲದಲ್ಲಿ ಅವರೂ ತಮ್ಮನ್ನು ಹಾಗೆಯೇ ತಿಳಿಯತೊಡಗುತ್ತಾರೆ.

ಈ ಲೆಕ್ಕ ಚರಿತ್ರೆಗೆ ಹೊಂದುವುದಿಲ್ಲ. ಡಚ್ ತತ್ತ್ವಜ್ಞಾನಿ ಸ್ಪಿನೋಜಾ 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪೀಠ ಬೇಡವೆಂದ ಕತೆ ಎಲ್ಲರಿಗೂ ಗೊತ್ತು. ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದ. ಭಾರತದ ಆಡಳಿತಕ್ಕೆ ಸಂಬಂಧಿಸಿದ ಪತ್ರಗಳನ್ನು ಸಿದ್ಧಪಡಿಸುವುದು ಅವನ ದಿನದ ಕೆಲಸವಾಗಿತ್ತು. ತರ್ಕಶಾಸ್ತ್ರದ ಮೇಲಿನ ಅವನ ದೊಡ್ಡ ಗ್ರಂಥ 1843ರಲ್ಲಿ ಹೊರಬಂದಾಗ ಅವನು ಅದೇ ಕಚೇರಿಯಲ್ಲಿದ್ದ. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟದೆ ಪತ್ರಿಕಾವೃತ್ತಿಯಿಂದ ಬದುಕಿದವರು. ಅವರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿಯವರೆಂದು ಹೆಸರಾದ ವೈ. ಸುಬ್ಬರಾಯರು ಶಾಲಾ ಶಿಕ್ಷಕರಾಗಿದ್ದವರು. 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿ, ಅನಂತರ ಹೊಳೆನರಸೀಪುರದಲ್ಲಿ ನೆಲೆಸಿ, ಶಂಕರರ ಮೂಲ ಭಾಷ್ಯಕ್ಕೂ ಮುಂದಿನ ವ್ಯಾಖ್ಯಾನಕಾರರಿಗೂ ಎಲ್ಲಿ ಭೇದವಿದೆ ಎಂಬುದನ್ನು ಜೀವಮಾನವಿಡೀ ಶೋಧಿಸಿದರು. ಅದನ್ನು ಬಹುಮಟ್ಟಿಗೆ ಕನ್ನಡದಲ್ಲೇ ಬರೆದರು. ಇಂದು ಅದ್ವೈತದ ಬಗ್ಗೆ ಗಂಭೀರವಾಗಿ ಸಂಶೋಧನೆ ಮಾಡುವ ಯಾವ ವಿಶ್ವವಿದ್ಯಾಲಯದವರೂ ಅವರ ವಾದವನ್ನು ಒಪ್ಪಲಿ ಬಿಡಲಿ, ಅದನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಕನ್ನಡದಲ್ಲಿ ತತ್ತ್ವಚಿಂತನೆಯ ಬಹುಭಾಗ ನಡೆದದ್ದು ಪ್ರಾಧ್ಯಾಪಕರ ಕೊಠಡಿಯ ಹೊರಗೇ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವವರೂ ಹಗ್ಗ ಹೊಸೆಯುವವರೂ ಬಟ್ಟೆ ಒಗೆಯುವವರೂ ಕೂಡಿ ಚರ್ಚಿಸಿದ ನಾಡು ಇದು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇಂದಿನ ಅವಕಾಶಗಳಲ್ಲಿ ನನಗೆ ಅತ್ಯಂತ ತುರ್ತಿನದೆಂದು ತೋರುವುದು ಸಾವಿನ ಸಮೀಪದ ನಿರ್ಧಾರಗಳದು. ಗುಣವಾಗುವ ಸಾಧ್ಯತೆಯೇ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಅವಕಾಶ ಕೊಟ್ಟು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿತು. ಆಸ್ಪತ್ರೆಗಳಲ್ಲಿ ಎರಡು ಹಂತದ ವೈದ್ಯಕೀಯ ಮಂಡಳಿಗಳು ವಿಷಯವನ್ನು ಪರಿಶೀಲಿಸಬೇಕು. ಆರೋಗ್ಯವಾಗಿದ್ದಾಗಲೇ ಯಾರಾದರೂ ತಮ್ಮ ಇಚ್ಛೆಯನ್ನು ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಇಟ್ಟಿದ್ದರೆ ಅದಕ್ಕೆ ಮಾನ್ಯತೆ ಇದೆ. ಕಾನೂನಿನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಅಂಥ ಪತ್ರ ಬರೆಯಲು ಕುಳಿತ ನಿವೃತ್ತ ಶಿಕ್ಷಕಿಗೆ ಬೇಕಾದ ನೆರವು ಬೇರೆ. ವೆಂಟಿಲೇಟರ್ ಬೇಡ ಎನ್ನುವವರು ಮೂಗಿನ ನಳಿಗೆಯ ಮೂಲಕ ಕೊಡುವ ಆಹಾರವನ್ನೂ ಬೇಡವೆನ್ನುತ್ತಾರೆಯೇ? ಇಂದು ಬರೆಯುವವಳ ಇಚ್ಛೆ ಹತ್ತು ವರ್ಷದ ಮೇಲೆ ನೆನಪು ಕಳೆದುಕೊಂಡ ಅದೇ ವ್ಯಕ್ತಿಯನ್ನು ಕಟ್ಟಿಹಾಕಬಹುದೇ? ಚಿಕಿತ್ಸೆ ನಿಲ್ಲಿಸುವುದಕ್ಕೂ ಕೊಲ್ಲುವುದಕ್ಕೂ ವ್ಯತ್ಯಾಸವಿದೆಯೇ, ಇದ್ದರೆ ಎಲ್ಲಿದೆ? 'ಅಮ್ಮನನ್ನು ನಾವೇ ಸಾಯಿಸಿದೆವು' ಎಂಬ ಭಾವ ಮಕ್ಕಳನ್ನು ಉಳಿದ ಬದುಕಿಡೀ ಬೇಯಿಸದಂತೆ ಅವರೊಡನೆ ಮೊದಲೇ ಮಾತಾಡುವವರು ಯಾರು? ವೈದ್ಯರಿಗೆ ಸಮಯವಿಲ್ಲ, ವಕೀಲರಿಗೆ ಇದು ನಮೂನೆ ತುಂಬುವ ಕೆಲಸ, ಪುರೋಹಿತರಿಗೆ ಕರೆ ಹೋಗುವುದು ಆಮೇಲೆ. ಮಂಡಳಿಯಲ್ಲಿ ನಮಗೂ ಸ್ಥಾನ ಕೊಡಿ ಎಂದು ನಾನು ಕೇಳುತ್ತಿಲ್ಲ. ರೋಗದ ನಿರ್ಣಯ ವೈದ್ಯರದೇ. ಅದಕ್ಕಿಂತ ಬಹಳ ಮೊದಲು ಮನೆಯ ಪಡಸಾಲೆಯಲ್ಲಿ ನಡೆಯಬೇಕಾದ ಆ ಮಾತುಕತೆಗೆ ತರಬೇತಾದವರು ಬೇಕು. ಅವರಿಗೆ ಆಸ್ಪತ್ರೆಯೋ ಉಪಶಾಮಕ ಆರೈಕೆಯ ಕೇಂದ್ರವೋ ಸಂಬಳ ಕೊಟ್ಟು ಇಟ್ಟುಕೊಂಡರೆ ಅದು ದುಂದುವೆಚ್ಚವಾಗುವುದಿಲ್ಲ.

ಬೇರೆ ಕ್ಷೇತ್ರಗಳೂ ಇವೆ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಮ್ಮ ಮಾಹಿತಿ ಪಡೆಯುವ ಕಂಪನಿ ನಮ್ಮಿಂದ ಮುಕ್ತವಾದ, ನಿರ್ದಿಷ್ಟವಾದ, ತಿಳಿದು ಕೊಟ್ಟ, ಷರತ್ತಿಲ್ಲದ, ಸಂದಿಗ್ಧವಲ್ಲದ ಒಪ್ಪಿಗೆ ಪಡೆಯಬೇಕು. ಸೂಚನಾಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಕೊಡಬೇಕು. ಆ ಐದು ಗುಣಗಳಲ್ಲಿ ಪ್ರತಿಯೊಂದೂ ನೀತಿಶಾಸ್ತ್ರದ ಒಂದೊಂದು ಅಧ್ಯಾಯ. ಬೆಂಗಳೂರಿನ ಕಂಪನಿಗಳು ಇದನ್ನು ಕಾನೂನು ವಿಭಾಗಕ್ಕೆ ಮಾತ್ರ ಬಿಟ್ಟಿರುವುದು ಸಾಲದು. ಆಸ್ಪತ್ರೆಗಳ, ಸಂಶೋಧನಾಲಯಗಳ ಅಪಾರ ಮಾಹಿತಿಯನ್ನು ಕಂಪ್ಯೂಟರುಗಳು ಪರಸ್ಪರ ಅರ್ಥಮಾಡಿಕೊಳ್ಳುವಂತೆ ವರ್ಗೀಕರಿಸಲು ವಸ್ತು ಯಾವುದು, ಗುಣ ಯಾವುದು, ಘಟನೆ ಯಾವುದು ಎಂಬ ಮೂಲಭೂತ ಚೌಕಟ್ಟು ಬೇಕಾಗುತ್ತದೆ. ಬ್ಯಾರಿ ಸ್ಮಿತ್ ಎಂಬ ತತ್ತ್ವಶಾಸ್ತ್ರಜ್ಞರು ಮುಂದೆ ನಿಂತು ರೂಪಿಸಿದ ಅಂಥ ಒಂದು ಚೌಕಟ್ಟಿಗೆ 2021ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್ಒದ ಮಾನಕದ ಮನ್ನಣೆ ದೊರೆಯಿತು. ದ್ರವ್ಯ, ಗುಣ, ಕರ್ಮ ಎಂದು ವೈಶೇಷಿಕ ದರ್ಶನದವರು ಲೋಕದ ವಸ್ತುಗಳನ್ನು ವಿಂಗಡಿಸಿದ ಪದಾರ್ಥ ವಿಭಾಗವನ್ನು ಕಂಠಪಾಠ ಮಾಡಿ ಪರೀಕ್ಷೆ ಬರೆದ ನಮ್ಮ ವಿದ್ಯಾರ್ಥಿಗೆ ಇಂಥ ಉದ್ಯೋಗವೊಂದು ಜಗತ್ತಿನಲ್ಲಿದೆ ಎಂದು ಯಾರೂ ಹೇಳಿರುವುದಿಲ್ಲ. ಮಕ್ಕಳೊಡನೆ ತತ್ತ್ವಚಿಂತನೆ ನಡೆಸುವ ಕೆಲಸವನ್ನು ಸುಂದರ್ ಸರುಕ್ಕೈ ಅವರು ಬೆಂಗಳೂರಿನಲ್ಲಿ ಕಟ್ಟಿದ 'ಬೇರ್‌ಫುಟ್ ಫಿಲಾಸಫರ್ಸ್' ಮಾಡುತ್ತಿದೆ. ಅದು ಜಿಲ್ಲೆಗಳಿಗೂ ಕನ್ನಡ ಶಾಲೆಗಳಿಗೂ ವ್ಯಾಪಕವಾಗಿ ಹರಡಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತತ್ತ್ವಶಾಸ್ತ್ರ ಓದಿದರೆ 'ವಿಮರ್ಶಾತ್ಮಕ ಚಿಂತನೆ' ಬೆಳೆಯುತ್ತದೆ, ಸಂದರ್ಶನದಲ್ಲಿ ಚೆನ್ನಾಗಿ ಮಾತಾಡಬಹುದು, ಒಳ್ಳೆಯ ಮ್ಯಾನೇಜರ್ ಆಗಬಹುದು ಎಂದು ವಿಷಯವನ್ನು ಮಾರುವ ಈಚಿನ ಪರಿಪಾಠ ನನಗೆ ಸಮ್ಮತವಲ್ಲ. ಹಾಗೆ ಹೇಳುವುದರಿಂದ ಪ್ರವೇಶ ಸಂಖ್ಯೆ ಸ್ವಲ್ಪ ಏರಬಹುದು. ಆದರೆ ಚೆನ್ನಾಗಿ ಯೋಚಿಸುವುದನ್ನು ಗಣಿತವೂ ಕಲಿಸುತ್ತದೆ, ಇತಿಹಾಸವೂ ಕಲಿಸುತ್ತದೆ. ನಮ್ಮ ವಿಷಯಕ್ಕೆ ಅದರದೇ ಆದ ವಸ್ತುವಿದೆ: ಯಾವುದು ನ್ಯಾಯ, ಯಾವುದು ಪ್ರಮಾಣ, ಯಾರು ವ್ಯಕ್ತಿ, ಯಾವುದಕ್ಕೆ ಯಾರು ಹೊಣೆ. ಈ ಪ್ರಶ್ನೆಗಳು ನಿಜವಾಗಿ ಏಳುವ ಜಾಗಗಳಲ್ಲಿ ಅವುಗಳನ್ನು ಅಭ್ಯಾಸ ಮಾಡಿದವರು ಇರಬೇಕೆಂಬುದು ನನ್ನ ವಾದ. ಹಾಗೆಂದು ಇವೆಲ್ಲ ಈಗಲೇ ಹೊಟ್ಟೆ ತುಂಬಿಸುವ ವೃತ್ತಿಗಳೆಂದು ಯಾವ ವಿದ್ಯಾರ್ಥಿಗೂ ಭರವಸೆ ಕೊಡಲಾರೆ. ನೈತಿಕ ಸಮಿತಿಯ ಸದಸ್ಯನಿಗೆ ಸಿಗುವುದು ಸಭೆಯ ಲೆಕ್ಕದ ಗೌರವಧನ. ಅದರಿಂದ ಸಂಸಾರ ನಡೆಯುವುದಿಲ್ಲ. ಅಲ್ಲದೆ ನಿಯಮಗಳೇ ಹೇಳುವಂತೆ ಸದಸ್ಯರು ತರಬೇತಿ ಪಡೆಯಬೇಕು. ಪ್ರಯೋಗದ ವಿನ್ಯಾಸ, ಅಂಕಿಸಂಖ್ಯೆ, ಪರಿಹಾರದ ಲೆಕ್ಕಾಚಾರ ಅರಿಯದೆ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನ ಹೆಸರು ಹೇಳಿಕೊಂಡು ಹೋದರೆ ಅಲ್ಲಿ ಯಾರಿಗೂ ಉಪಯೋಗವಿಲ್ಲ.

ಕೆಲಸಕ್ಕಿಂತ ದೊಡ್ಡ ಕೊರತೆ ಜೊತೆಯದು. ಹೊರಗೆ ದುಡಿಯುವವರು ಒಬ್ಬೊಬ್ಬರಾಗಿ ಒಣಗುತ್ತಾರೆ. ಓದಿದ್ದನ್ನು ಹೇಳಲು, ಬರೆದದ್ದನ್ನು ತೋರಿಸಿ ಬೈಸಿಕೊಳ್ಳಲು, ಕೆಲಸದಲ್ಲಿ ಎದುರಾದ ಸಮಸ್ಯೆಯನ್ನು ಬಿಚ್ಚಿಡಲು ಅವರಿಗೆ ಯಾರೂ ಇರುವುದಿಲ್ಲ. ಪುಸ್ತಕವೂ ದೂರವಾಗುತ್ತದೆ. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಮೂರು ವರ್ಷಕ್ಕೆ ₹6,000 ಕೋಟಿ ವೆಚ್ಚದಲ್ಲಿ ಸುಮಾರು 13,000 ವಿದ್ವತ್ ನಿಯತಕಾಲಿಕೆಗಳು 2025ರಿಂದ ದೇಶದ ಸುಮಾರು 6,300 ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ದೊರೆಯುವಂತಾಗಿದೆ. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಅದು ಸಂಸ್ಥೆಗೆ ಸೇರಿದವರಿಗೆ ಮಾತ್ರ. ನನ್ನಂಥವನಿಗೆ ಹತ್ತು ವರ್ಷದ ಹಿಂದೆ ಓದಿದ ವಿಭಾಗದ ಗ್ರಂಥಾಲಯಕ್ಕೆ ಹೋಗಿ ಆ ಲೇಖನ ತೆರೆಯುವ ಹಕ್ಕಿಲ್ಲ. ತೆರಿಗೆ ಮಾತ್ರ ಎಲ್ಲರದೂ ಇದೆ. ಹೀಗೆ ಓದಿನಿಂದಲೂ ಗೆಳೆಯರಿಂದಲೂ ದೂರವಾದವರು ವಿಷಯವನ್ನು ಬಿಟ್ಟರೆಂದು ಹೇಳುವುದು ಅನ್ಯಾಯ.

ಒಟ್ಟಿಗೆ ಕೂತು ಚರ್ಚಿಸುವ ಮಾದರಿಗಳಿಗೆ ನಮ್ಮಲ್ಲಿ ಬರವಿಲ್ಲ. ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಬೇರೆ ಬೇರೆ ವೃತ್ತಿಗಳವರು ಕೂಡಿ ವಾರವಾರ ಗ್ರಂಥಗಳನ್ನು ಓದುತ್ತಿದ್ದರು. ಶೃಂಗೇರಿಯಲ್ಲಿ ಗಣೇಶ ಚತುರ್ಥಿಯ ಸಮಯಕ್ಕೆ ನಡೆಯುವ ವಾಕ್ಯಾರ್ಥ ಸಭೆಯಲ್ಲಿ ವಿದ್ವಾಂಸರು ಶಾಸ್ತ್ರಗ್ರಂಥದ ಒಂದು ಪಂಕ್ತಿಯನ್ನು ಹಿಡಿದು ಗಂಟೆಗಟ್ಟಲೆ ವಾದಿಸುತ್ತಾರೆ. ದಯಾಕೃಷ್ಣ, ಎಂ.ಪಿ. ರೇಗೆ ಮುಂತಾದ ತತ್ತ್ವಶಾಸ್ತ್ರಜ್ಞರು 1983ರಲ್ಲಿ ಪುಣೆಯಲ್ಲಿ ನ್ಯಾಯಶಾಸ್ತ್ರದ ಪಂಡಿತರನ್ನೂ ಇಂಗ್ಲಿಷಿನಲ್ಲಿ ತತ್ತ್ವಶಾಸ್ತ್ರ ಓದಿದವರನ್ನೂ ಎದುರುಬದುರು ಕೂರಿಸಿ, ಬ್ರಿಟಿಷ್ ತತ್ತ್ವಜ್ಞಾನಿ ರಸೆಲ್‌ನ ವಿಚಾರವೊಂದನ್ನು ಸಂಸ್ಕೃತದಲ್ಲಿ ಚರ್ಚೆಗೆ ಇಟ್ಟರು. ಪ್ಯಾರಿಸ್ಸಿನ ಬ್ಯಾಸ್ಟಿಲ್ ಚೌಕದ ಕೆಫೆಯೊಂದರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಮಾರ್ಕ್ ಸೋತೆ 1992ರಲ್ಲಿ ಆರಂಭಿಸಿದ ಭಾನುವಾರದ ತತ್ತ್ವಚರ್ಚೆ ಬೇರೆ ದೇಶಗಳಿಗೂ ಹಬ್ಬಿತು. ಇವುಗಳಲ್ಲಿ ನಾನು ನಮಗೆ ಆರಿಸಿಕೊಳ್ಳಬೇಕೆನ್ನುವುದು ವಾಕ್ಯಾರ್ಥದ ಶಿಸ್ತನ್ನು. ಎದುರಾಳಿಯ ಪೂರ್ವಪಕ್ಷವನ್ನು, ಅಂದರೆ ಅವನ ವಾದವನ್ನು, ಅವನೇ ತಲೆದೂಗುವಂತೆ ಹೇಳಿದ ಮೇಲೆಯೇ ಖಂಡನೆ. ಅದಿಲ್ಲದ ಕೂಟಗಳು ಬೇಗ ಉಪನ್ಯಾಸವಾಗಿಬಿಡುತ್ತವೆ, ಇಲ್ಲವೇ ಸನ್ಮಾನ ಸಮಾರಂಭವಾಗುತ್ತವೆ. ಶಾಲು ಹಾರಗಳ ನಡುವೆ ಪ್ರಶ್ನೆ ಕೇಳುವವರಿಗೆ ಹೊತ್ತೇ ಉಳಿಯುವುದಿಲ್ಲ. ಚರ್ಚೆಯ ಭಾಷೆ ಕನ್ನಡವಾಗಿರಬೇಕೆಂಬುದೂ ನನ್ನ ಆಗ್ರಹ. ಆಸ್ಪತ್ರೆಯ ಒಪ್ಪಿಗೆ ಪತ್ರವಾಗಲಿ ಅಂತ್ಯಕಾಲದ ಇಚ್ಛಾಪತ್ರವಾಗಲಿ ಇಲ್ಲಿನ ಜನ ಸಹಿ ಹಾಕುವುದು ಕನ್ನಡದಲ್ಲಿ.

ಆದ್ದರಿಂದ ಕೆಲವು ಬೇಡಿಕೆಗಳನ್ನು ಸಂಬಂಧಪಟ್ಟವರ ಮುಂದಿಡುತ್ತೇನೆ. ಮೈಸೂರು, ಧಾರವಾಡ ಮುಂತಾದ ವಿಶ್ವವಿದ್ಯಾಲಯಗಳ ತತ್ತ್ವಶಾಸ್ತ್ರ ವಿಭಾಗಗಳು ತಮ್ಮ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿ ಯಾವ ಕೆಲಸದಲ್ಲಿದ್ದಾರೆಂಬ ಪಟ್ಟಿ ಮಾಡಲಿ. ಬೋಧನೆಯಲ್ಲಿಲ್ಲದವರನ್ನೂ ವರ್ಷಕ್ಕೊಮ್ಮೆಯಾದರೂ ಕರೆದು, ಸನ್ಮಾನ ಮಾಡದೆ, ಅವರ ಕೆಲಸದಲ್ಲಿ ಏಳುವ ಪ್ರಶ್ನೆಯೊಂದನ್ನು ಈಗಿನ ವಿದ್ಯಾರ್ಥಿಗಳ ಮುಂದೆ ಇಡಿಸಲಿ. ಹಳೆಯ ವಿದ್ಯಾರ್ಥಿಗಳಿಗೆ ಸಣ್ಣ ಶುಲ್ಕ ಪಡೆದು ಗ್ರಂಥಾಲಯದ ಒಳಗೆ ಕುಳಿತು ಓದುವ ಚೀಟಿ ಕೊಡಲಿ; ಚಂದಾ ಯೋಜನೆಯ ಷರತ್ತು ಅಡ್ಡಿಯಾದರೆ ಅದನ್ನು ತಿದ್ದುವಂತೆ ಮೇಲಿನವರಿಗೆ ಬರೆಯಲಿ. ಎಂ.ಎ. ಪಠ್ಯದಲ್ಲಿ ಸಂಶೋಧನಾ ನೀತಿ ಮತ್ತು ವೈದ್ಯಕೀಯ ನೀತಿಯ ಒಂದು ಪತ್ರಿಕೆಯನ್ನು ಹತ್ತಿರದ ವೈದ್ಯಕೀಯ ಕಾಲೇಜಿನ ಜೊತೆಗೂಡಿ ರೂಪಿಸಲಿ. ವಿದ್ಯಾರ್ಥಿ ಒಂದಾದರೂ ನಿಜವಾದ ಕಡತವನ್ನು, ಹೆಸರು ವಿವರ ಅಳಿಸಿದ ಮೇಲೆ, ಓದಿ ಅಭಿಪ್ರಾಯ ಬರೆಯುವಂತಾಗಲಿ. ಭಾರತೀಯ ತತ್ತ್ವಶಾಸ್ತ್ರ ಸಂಶೋಧನಾ ಪರಿಷತ್ತು ಸಂಸ್ಥೆಗಳಿಗೆ ಸೇರದ ಚಿಂತಕರಿಗೂ, ಅದರಲ್ಲೂ ದೇಶಭಾಷೆಗಳಲ್ಲಿ ಬರೆಯುವವರಿಗೂ, ತನ್ನ ನೆರವಿನಲ್ಲಿ ಒಂದು ಪಾಲನ್ನು ಮೀಸಲಿಡಲಿ. ಆಸ್ಪತ್ರೆಗಳು ನೈತಿಕ ಸಮಿತಿಯ ಸ್ಥಾನ ತೆರವಾದಾಗ ಪರಿಚಯದವರನ್ನೇ ಕೂರಿಸುವ ಬದಲು ಹತ್ತಿರದ ವಿಭಾಗಕ್ಕೆ ಒಂದು ಪತ್ರ ಬರೆಯಲಿ.

ಕೂಟಕ್ಕೆ ಹಣ ಬೇಕಿಲ್ಲ, ಜಾಗ ಬೇಕು. ಜಿಲ್ಲಾ ಕೇಂದ್ರ ಗ್ರಂಥಾಲಯಗಳೂ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳೂ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಒಂದು ಕೊಠಡಿ ಬಿಟ್ಟುಕೊಟ್ಟರೆ ಸಾಕು. ಮೊದಲ ಸಭೆಗಳಿಗೆ ವಿಷಯವಾಗಿ ಅಂತ್ಯಕಾಲದ ಇಚ್ಛಾಪತ್ರವನ್ನೇ ಇಟ್ಟುಕೊಳ್ಳಬಹುದೆಂದು ನನ್ನ ಸೂಚನೆ. ಅದಕ್ಕೆ ವೈದ್ಯರನ್ನೂ ದಾದಿಯರನ್ನೂ ವಕೀಲರನ್ನೂ ಕರೆಯಬಹುದು. ತತ್ತ್ವಶಾಸ್ತ್ರ ಓದಿ ಬೇರೆ ಉದ್ಯೋಗದಲ್ಲಿರುವ ಓದುಗರು ತಮ್ಮ ಹೆಸರು, ಊರು, ಈಗಿನ ಕೆಲಸದ ವಿವರವನ್ನು ತಮ್ಮ ಹಳೆಯ ವಿಭಾಗಕ್ಕೆ ಒಂದು ಕಾಗದದಲ್ಲಿ ಬರೆದು ಕಳುಹಿಸಬೇಕೆಂದು ಕೋರುತ್ತೇನೆ. ಪಟ್ಟಿಗಾಗಿ ವಿಭಾಗದವರು ಕೇಳುವವರೆಗೆ ಕಾಯುವುದು ಬೇಡ.

ಇಂತಿ ತಮ್ಮ ವಿಶ್ವಾಸಿ,
ತತ್ತ್ವಶಾಸ್ತ್ರದ ಹಳೆಯ ವಿದ್ಯಾರ್ಥಿ, ಮೈಸೂರು